ಆದಾಯ ತೆರಿಗೆ ರಿಟರ್ನ್ ಹಾಕಿಸಲು ಬರುವ ಎಲ್ಲರಿಗೂ, ದುರ್ಗಿಗುಡಿಯ ಮಹಡಿ ಮೇಲಿಂದ

ನಮಸ್ಕಾರ.

ದೀಪಾವಳಿ ಮುಗಿದು ಎರಡು ವಾರವಾಯಿತು. ಆಫೀಸಿನ ಫೋನ್ ಈಗ ದಿನಕ್ಕೆ ಐದಾರು ಸಲ ಬಡಿದುಕೊಂಡರೆ ಹೆಚ್ಚು. ಬಿಡುವಿದೆಯಲ್ಲ ಎಂದು ಈ ಪತ್ರ. ಒಬ್ಬೊಬ್ಬರಿಗೇ ವಾಟ್ಸಾಪ್ ಮಾಡಿದರೆ 'ನನಗೇ ಹೇಳಿದ್ದು' ಎಂದು ಬೇಜಾರು ಮಾಡಿಕೊಳ್ಳುತ್ತೀರಿ. ಎಲ್ಲರಿಗೂ ಸೇರಿಸಿ ಬರೆದರೆ 'ಪಕ್ಕದ ಮನೆಯವರಿಗೆ ಹೇಳಿದ್ದು' ಎಂದು ಎಲ್ಲರೂ ಬಿಟ್ಟುಬಿಡುತ್ತೀರಿ. ಎರಡನೆಯದೇ ವಾಸಿ ಅನ್ನಿಸಿತು.

ನೀವು ನನ್ನನ್ನು ಆಡಿಟರ್ ಮೇಡಂ ಅನ್ನುತ್ತೀರಿ. ನಾನು ಆಡಿಟರ್ ಅಲ್ಲ, ಸಿಎ ಅಲ್ಲ. ಬಿಕಾಂ ಮುಗಿಸಿ, ಸಿಎ ಒಬ್ಬರ ಕೈಕೆಳಗೆ ಹನ್ನೊಂದು ವರ್ಷ ಲೆಡ್ಜರ್ ತಿದ್ದಿ, ಆಮೇಲೆ ಸ್ವಂತ ಟೇಬಲ್ಲು ಹಾಕಿಕೊಂಡು ಕೂತವಳು. ನಮ್ಮ ಶಿವಮೊಗ್ಗದಲ್ಲಿ ರಿಟರ್ನ್ ಹಾಕುವವರೆಲ್ಲ ಆಡಿಟರೇ, ಇಂಜೆಕ್ಷನ್ ಕೊಡುವವರೆಲ್ಲ ಡಾಕ್ಟರೇ. ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಬರೆಯಲು ಕೂತ ಕಾರಣ ಹೇಳಿಬಿಡುತ್ತೇನೆ. ನೀವು ಫೋನ್ ಮಾಡಿದಾಗಲೆಲ್ಲ 'ಹಲೋ, ಹೇಳಿ ಸಾರ್' ಎನ್ನುತ್ತಿದ್ದ ಹುಡುಗಿ ಕೆಲಸ ಬಿಟ್ಟಿದ್ದಾಳೆ. ಇಪ್ಪತ್ತೆರಡು ವರ್ಷ, ಹೋದ ವರ್ಷವಷ್ಟೇ ಡಿಗ್ರಿ ಮುಗಿಸಿದವಳು. ಕೈ ಚುರುಕು, ತಲೆ ಅದಕ್ಕಿಂತ ಚುರುಕು. ಸೆಪ್ಟೆಂಬರ್ 15ರ ಸಂಜೆ ನಿಮ್ಮಲ್ಲೊಬ್ಬರು ಅವಳ ಮೇಲೆ ಕೂಗಾಡಿದಿರಿ. ಆಧಾರ್ ಓಟಿಪಿಗೆ ಇರುವುದು 15 ನಿಮಿಷದ ಆಯಸ್ಸು. ನೀವು ಮೂರು ಸಲವೂ ಅದು ಸತ್ತ ಮೇಲೆ ಕಳಿಸಿದಿರಿ. ಆಮೇಲೆ, 'ನಿಂಗೆ ಎಷ್ಟು ಸಂಬಳ ಕೊಡ್ತಾರಮ್ಮಾ? ಒಂದು ಓಟಿಪಿ ಹಾಕೋಕೆ ಬರಲ್ವಾ?' ಸ್ಪೀಕರ್ ಹಾಕಿರಲಿಲ್ಲ, ಆದರೂ ಟೇಬಲ್ಲಿನ ಈಚೆ ಕಡೆ ಕೂತ ನನಗೆ ಪೂರ್ತಿ ಕೇಳಿಸಿತು. ಅವಳು 'ಇನ್ನೊಂದ್ಸಲ ಕಳಿಸ್ತೀನಿ ಸಾರ್' ಎಂದು ಫೋನಿಟ್ಟು ಕೆಳಗಿನ ಜೆರಾಕ್ಸ್ ಅಂಗಡಿಗೆ ಇಳಿದು ಹೋದಳು. ಮುಖ ತೊಳೆದುಕೊಂಡು ಬಂದು ಇನ್ನೂ ಹನ್ನೊಂದು ರಿಟರ್ನ್ ಮುಗಿಸಿದಳು, ನಿಮ್ಮದೂ ಸೇರಿ. ಮೂರು ದಿನ ಬಿಟ್ಟು ಬಂದು, 'ಬ್ಯಾಂಕ್ ಕೋಚಿಂಗ್ ಸೇರ್ತೀನಿ ಮೇಡಂ' ಎಂದಳು. ಇರು ಅನ್ನಲು ನನಗೆ ಬಾಯಿ ಬರಲಿಲ್ಲ.

ಆವತ್ತು ಎಲ್ಲರ ತಲೆಯೂ ಬಿಸಿಯಿತ್ತು, ಅದು ನನಗೂ ಗೊತ್ತು. ಈ ಸಲದ ಸೀಸನ್ನೇ ವಿಚಿತ್ರ. ಸಾಮಾನ್ಯವಾಗಿ ಜುಲೈ 31 ಕೊನೆ ದಿನ. ಈ ವರ್ಷ ಮೇ 27ಕ್ಕೇ ಅದನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದರು. ಫಾರ್ಮುಗಳು ಬದಲಾಗಿದ್ದವು, ಸಾಫ್ಟ್‌ವೇರ್ ತಯಾರಾಗಿರಲಿಲ್ಲ. ಆಸ್ತಿ ಮಾರಿದವರು, ವ್ಯಾಪಾರದವರು ಹಾಕುವ ಐಟಿಆರ್-2, ಐಟಿಆರ್-3 ಫಾರ್ಮುಗಳನ್ನು ತುಂಬುವ ಎಕ್ಸೆಲ್ ಯುಟಿಲಿಟಿ ಸಿಕ್ಕಿದ್ದೇ ಜುಲೈ 11ಕ್ಕೆ. ಸೈಟು ಮಾರಿ ಮೇ ತಿಂಗಳಲ್ಲೇ ನನ್ನ ಬೆಂಚಿನ ಮೇಲೆ ಕೂತವರಿಗೆ 'ಇನ್ನೂ ಬಂದಿಲ್ಲ' ಎಂದು ಎಷ್ಟು ಸಲ ಹೇಳಿದೆನೋ! ಅವರ ಕಣ್ಣಿಗೆ ನಾನೇ ಸೋಮಾರಿ. ಫಾರ್ಮಿಲ್ಲದೆ ಒಂದಷ್ಟು ಜನ ಕಾದಿರಿ. ಉಳಿದವರು ಮುಂದೂಡಿದ್ದನ್ನೇ ರಜೆ ಅಂದುಕೊಂಡಿರಿ. ಆರು ವಾರ ಹೆಚ್ಚು ಸಿಕ್ಕಿತು. ಆರೂ ವಾರದ ಕೆಲಸ ಕೊನೆಯ ಆರು ದಿನಕ್ಕೆ ಬಂದು ಬಿತ್ತು.

ಆ 15ನೇ ತಾರೀಕು ಅಡ್ವಾನ್ಸ್ ಟ್ಯಾಕ್ಸಿನ ಎರಡನೇ ಕಂತಿಗೂ ಕೊನೆ ದಿನವಾಗಿತ್ತು. ರಾತ್ರಿ ಹನ್ನೆರಡಕ್ಕೆ ಇನ್ನೇನು ಹತ್ತು ಹನ್ನೆರಡು ನಿಮಿಷ ಇದೆ ಎನ್ನುವಾಗ ಇನ್ನೊಂದು ದಿನ ಕೊಟ್ಟಿದ್ದೇವೆ ಎಂಬ ಪ್ರಕಟಣೆ ಬಂತು. ಬೆನ್ನಿಗೇ, ಬದಲಾವಣೆ ಮಾಡಿಕೊಳ್ಳಲು ಹನ್ನೆರಡರಿಂದ ಎರಡೂವರೆವರೆಗೆ ಪೋರ್ಟಲ್ ಮುಚ್ಚಿರುತ್ತದೆ ಎಂದೂ ಬಂತು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ನಾವಿಬ್ಬರೂ ತಣ್ಣಗಾದ ಚಿತ್ರಾನ್ನ ತಿಂದೆವು.

ಪ್ರಶ್ನೆ ಕೇಳಬೇಡಿ ಎಂದು ಹೇಳಲು ನಾನು ಕೂತಿಲ್ಲ. ನಾನು ಫೀಸು ತೆಗೆದುಕೊಳ್ಳುವುದೇ ನಿಮ್ಮ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ. 'ಒಂದು ಬಟನ್ ಒತ್ತೋದಕ್ಕೆ ಸಾವಿರ ರೂಪಾಯಾ ಮೇಡಂ?' ಎಂದು ನಗುತ್ತ ಕೇಳುವವರಿಗೂ ಅದೇ ಉತ್ತರ. ಬಟನ್ ನಿಮ್ಮ ಮಗನೂ ಒತ್ತುತ್ತಾನೆ.

ಆದರೆ ಕೆಲವು ಪ್ರಶ್ನೆಗಳನ್ನು ನಾನು ಒಂದು ಸಲ ಇಲ್ಲೇ ಮುಗಿಸಿಬಿಡುತ್ತೇನೆ. ಈ ವರ್ಷ ಅತಿ ಹೆಚ್ಚು ಸಲ ಕೇಳಿದ್ದು ಇದು: 'ಹನ್ನೆರಡು ಲಕ್ಷದ ತನಕ ಟ್ಯಾಕ್ಸೇ ಇಲ್ಲ ಅಂತ ಟಿವೀಲಿ ಬಂತಲ್ಲ, ಮತ್ತೆ ನಂಗ್ಯಾಕೆ ಹಾಕಿದೀರಿ?' ಟಿವಿಯವರು ಸುಳ್ಳು ಹೇಳಲಿಲ್ಲ. ಫೆಬ್ರವರಿ 1ರ ಬಜೆಟ್ಟಿನಲ್ಲಿ ಹೇಳಿದ್ದು 2025ರ ಏಪ್ರಿಲ್‌ನಿಂದ ನೀವು ದುಡಿಯುವ ಹಣದ ಮಾತು. ಈ ಸೆಪ್ಟೆಂಬರ್‌ನಲ್ಲಿ ಹಾಕಿದ್ದು ಅದರ ಹಿಂದಿನ ವರ್ಷದ ಲೆಕ್ಕ. ಅದಕ್ಕೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಕಳೆದುಕೊಳ್ಳುವ ವಿನಾಯಿತಿಗಳೂ ಕಡಿಮೆ) ಮಿತಿ 7 ಲಕ್ಷ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 7.75 ಲಕ್ಷ. ನಿಮ್ಮ ಹನ್ನೆರಡು ಲಕ್ಷದ ಸುಖ ಬರುವ ವರ್ಷದ ರಿಟರ್ನಿನಲ್ಲಿ ಕಾಣಿಸುತ್ತದೆ, ಅಲ್ಲಿಯೂ ಷೇರಿನ ಲಾಭಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ದುಡಿದ ವರ್ಷಕ್ಕೆ ಫೈನಾನ್ಶಿಯಲ್ ಇಯರ್, ಅದರ ಲೆಕ್ಕ ಕೊಡುವ ವರ್ಷಕ್ಕೆ ಅಸೆಸ್‌ಮೆಂಟ್ ಇಯರ್ ಎಂಬ ಈ ಎರಡು ತಲೆಯ ಹಾವು 2026ರ ಏಪ್ರಿಲ್ 1ರಿಂದ ಸಾಯುತ್ತದಂತೆ. 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ, ಅದರಲ್ಲಿ 'ಟ್ಯಾಕ್ಸ್ ಇಯರ್' ಎಂಬ ಒಂದೇ ಹೆಸರು. ಇದೊಂದಕ್ಕೆ ನಾನು ಗಣಪತಿಗೆ ಕಾಯಿ ಒಡೆಯುವವಳಿದ್ದೇನೆ.

ಇನ್ನು, 'ರೀಫಂಡ್ ಯಾವಾಗ ಬರುತ್ತೆ?' ನನಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ರಿಟರ್ನ್ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ (ಆ ಓಟಿಪಿ ಕೇಳುವುದು ಇದಕ್ಕೇ), ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿದೆಯಾ ನೋಡುವವರೆಗೆ ನನ್ನ ಕೈಯಲ್ಲಿದೆ. ಅಲ್ಲಿಂದಾಚೆ ಅದು ಬೆಂಗಳೂರಿನ ಸಿಪಿಸಿಗೆ ಹೋಗುತ್ತದೆ. ದೇಶದ ರಿಟರ್ನುಗಳೆಲ್ಲ ಪ್ರೊಸೆಸ್ ಆಗುವ ಜಾಗ ಅದು. ಹಾಗೆ ಹೇಳಿದ್ದಕ್ಕೆ ಭದ್ರಾವತಿಯ ಒಬ್ಬರು, 'ಬೆಂಗಳೂರಲ್ವಾ, ನಾಡಿದ್ದು ಮದುವೆಗೆ ಹೋಗ್ತಿದೀನಿ, ಹಂಗೇ ವಿಚಾರಿಸ್ಕೊಂಡು ಬರ್ಲಾ?' ಎಂದರು. ಅಲ್ಲಿ ವಿಚಾರಿಸಲು ಕೌಂಟರಿಲ್ಲ, ಲೆಕ್ಕ ನೋಡುವುದು ಕಂಪ್ಯೂಟರ್. ರಿಟರ್ನನ್ನು ಕೆದಕಿ ನೋಡುವ ಸ್ಕ್ರೂಟಿನಿ ಕೂಡ 2020ರಿಂದ ಫೇಸ್‌ಲೆಸ್. ಯಾವ ಊರಿನ ಯಾವ ಅಧಿಕಾರಿ ನಿಮ್ಮ ಕಡತ ನೋಡುತ್ತಿದ್ದಾರೆಂದು ನಿಮಗೆ ತಿಳಿಯುವುದಿಲ್ಲ. ಲಂಚ, ವಶೀಲಿ ತಪ್ಪಲಿ ಎಂದು ಮಾಡಿದ್ದು, ಒಳ್ಳೆಯದೇ. ಆದರೆ ಸಿಟ್ಟು ಬಂದಾಗ ಬೈಯಲು ಒಂದು ಮುಖ ಬೇಕಲ್ಲ? ಅದಕ್ಕೆ ಸಿಕ್ಕಿದ್ದು ನನ್ನದು, ನನ್ನ ಹುಡುಗಿಯದು.

ಜುಲೈನಲ್ಲಿ ಮಳೆ ಹಿಡಿದ ಒಂದು ಮಧ್ಯಾಹ್ನದ ಮಾತು. ಶಾಲೆಗಳಿಗೆ ರಜೆ ಕೊಟ್ಟ ದಿನ. ಮೂಲೆಯಲ್ಲಿ ಇಟ್ಟ ಕೊಡೆಗಳ ನೀರು ಹರಿದು ನನ್ನ ಕುರ್ಚಿಯ ಕಾಲಿಗೆ ಬಂದಿತ್ತು. ನಿವೃತ್ತ ಮೇಷ್ಟ್ರೊಬ್ಬರು ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಎದೆಗೆ ಅವಚಿಕೊಂಡು ಬಂದರು. ಒಳಗಿಂದ ನಾಲ್ಕಾಗಿ ಮಡಚಿದ ಪ್ರಿಂಟ್ ತೆಗೆದು ನನ್ನ ಮುಂದಿಟ್ಟು, ಸುತ್ತ ಕೂತವರಿಗೆ ಕೇಳಿಸದಂತೆ, 'ಎರಡು ರಾತ್ರಿಯಿಂದ ನಿದ್ದೆ ಇಲ್ಲ ತಾಯಿ. ಅರೆಸ್ಟ್ ಗಿರೆಸ್ಟ್ ಮಾಡ್ತಾರೇನು?' ಎಂದರು.

ಅದು 143(1)ರ ಇಂಟಿಮೇಷನ್. ಜೂನ್‌ನಲ್ಲಿ ಅವರ ರಿಟರ್ನ್ ನಾನೇ ಹಾಕಿದ್ದೆ. ನೀವು ತೋರಿಸಿದ ಲೆಕ್ಕವೂ ನಮ್ಮ ಲೆಕ್ಕವೂ ಹೊಂದಿಕೆಯಾಗಿದೆ, ಕೊಡುವುದಿಲ್ಲ, ಕೊಳ್ಳುವುದಿಲ್ಲ ಎಂದು ಹೇಳುವ ಕಾಗದ ಅದು. ಇಂಗ್ಲಿಷ್‌ನಲ್ಲಿದೆ, ಮೇಲೆ ಸರ್ಕಾರದ ಲಾಂಛನವಿದೆ, ಸೆಕ್ಷನ್ ನಂಬರ್ ಇದೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರನ್ನು ಹೆದರಿಸಲು ಅಷ್ಟು ಸಾಕು. ಕೊನೆಯ ಕಾಲಮ್ಮಿನ ಸೊನ್ನೆಯ ಮೇಲೆ ಪೆನ್ಸಿಲ್ ಇಟ್ಟು ತೋರಿಸಿದೆ. 'ಸೊನ್ನೆ ಸಾರ್. ಎರಡೂ ಕಡೆ ಸೊನ್ನೆ.'

ಅವರು ಏಳಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡಿದರು. ಆಮೇಲೆ ಕೊಟ್ಟೆಯ ತಳದಿಂದ ಇನ್ನೊಂದು ಪಾಸ್‌ಬುಕ್ ತೆಗೆದರು. ಡಿಸೆಂಬರ್‌ನಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಆಕೆಯ ಹೆಸರಲ್ಲಿ ಒಂದು ಎಫ್‌ಡಿ ಇತ್ತು, 62,000 ಬಡ್ಡಿಗೆ ಬ್ಯಾಂಕಿನವರು 6,200 ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ತೆರಿಗೆ, ಮುರಿದುಕೊಂಡಿದ್ದರು. ಹಾಗೆ ಮುರಿಯಬೇಡಿ ಎಂದು ಹಿರಿಯರು ಬ್ಯಾಂಕಿಗೆ ಕೊಡುವ 15ಎಚ್ ಫಾರ್ಮನ್ನು ಪ್ರತಿ ಏಪ್ರಿಲ್‌ನಲ್ಲಿ ಕೊಡುತ್ತಿದ್ದದ್ದು ಆಕೆಯೇ. ಆ ವರ್ಷ ಏಪ್ರಿಲ್‌ನಲ್ಲಿ ಆಸ್ಪತ್ರೆ ಓಡಾಟ, ಮರೆತಿತ್ತು. 'ಅವಳ ಪ್ಯಾನ್ ಕಾರ್ಡು ವಾಪಸ್ ಕೊಡ್ಬೇಕಂತೆ, ಹೌದಾ?'

ಅವರು ಬಂದಿದ್ದು ಇದನ್ನು ಕೇಳಲು. ಇಂಟಿಮೇಷನ್ ಒಂದು ನೆಪ. ಲೆಕ್ಕ ಮುಗಿಯುವವರೆಗೆ ಪ್ಯಾನ್ ಇರಲಿ ಎಂದೆ. ತೀರಿಹೋದವರ ಹೆಸರಲ್ಲೂ ಅವರು ಬದುಕಿದ್ದ ದಿನದವರೆಗಿನ ಆದಾಯಕ್ಕೆ ರಿಟರ್ನ್ ಹಾಕಬೇಕು, ವಾರಸುದಾರರು ಪೋರ್ಟಲ್‌ನಲ್ಲಿ ಲೀಗಲ್ ಹೇರ್ ಎಂದು ನೋಂದಾಯಿಸಿಕೊಂಡು ಹಾಕಬಹುದು, ಮರಣ ಪ್ರಮಾಣಪತ್ರದ ಜೊತೆ ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ತನ್ನಿ ಎಂದೆಲ್ಲ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ನಲವತ್ತು ನಿಮಿಷ ಹಿಡಿಯಿತು. ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆಗಸ್ಟ್‌ನಲ್ಲಿ ಆ ರಿಟರ್ನ್ ಹಾಕಿದೆ. ರೀಫಂಡ್ ಬಂತಾ ಎಂದು ಅವರು ಈವರೆಗೆ ಒಮ್ಮೆಯೂ ಫೋನ್ ಮಾಡಿಲ್ಲ.

ಅವರು ಸೆಪ್ಟೆಂಬರ್ 15ಕ್ಕೆ ಬಂದಿದ್ದರೆ? ಸೊನ್ನೆ ತೋರಿಸಿ ಕಳಿಸಿಬಿಡುತ್ತಿದ್ದೆ. ಎರಡನೇ ಪಾಸ್‌ಬುಕ್ ಕೊಟ್ಟೆಯಲ್ಲೇ ಉಳಿಯುತ್ತಿತ್ತು.

ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು, ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ನಿಜವಾದ ಪ್ರಶ್ನೆಯಲ್ಲ. 'ಈ ಸಲ ಫೀಸು ಎಷ್ಟು?' ಎಂದವರು ಕಾಲು ಗಂಟೆಯ ನಂತರ, 'ತಮ್ಮನಿಗೆ ಐದು ಲಕ್ಷ ಕೊಟ್ಟಿದೀನಿ, ಏನೂ ಆಗಲ್ಲ ತಾನೇ?' ಅನ್ನುತ್ತಾರೆ. ಅಮೆರಿಕದಲ್ಲಿರುವ ಮಗ ತಂದೆಯ ರಿಟರ್ನ್ ಬಗ್ಗೆ ವಿಚಾರಿಸಲು ಫೋನ್ ಮಾಡಿ, ಇಡುವ ಮೊದಲು, ತನ್ನ ಎನ್‌ಆರ್‌ಓ ಖಾತೆಯ (ವಿದೇಶದಲ್ಲಿರುವವರು ಇಲ್ಲಿನ ಆದಾಯಕ್ಕೆ ಇಡುವ ಖಾತೆ) ಬಡ್ಡಿಗೆ 31.2 ಪರ್ಸೆಂಟ್ ಯಾಕೆ ಮುರಿದಿದ್ದಾರೆ ಎಂದು ಮೆಲ್ಲಗೆ ಕೇಳುತ್ತಾನೆ. ಆ ಎರಡನೇ ಪ್ರಶ್ನೆ ಬರುವವರೆಗೆ ಕಾಯಲು ನನಗೆ ಹೊತ್ತು ಬೇಕು. ನನ್ನ ಕೆಲಸ ಅಂದರೆ ಅದೇ.

ಕೆಲವರಿಂದ ಅದು ಬರುವುದೇ ಇಲ್ಲ, ಮುಚ್ಚಿಡುತ್ತೀರಿ. ಯಾರಿಂದ? ಇಲಾಖೆಗೆ ಆಗಲೇ ಗೊತ್ತಿದೆ. ಎಐಎಸ್ ಎಂಬ ಪಟ್ಟಿಯಲ್ಲಿ ನಿಮ್ಮ ಉಳಿತಾಯ ಖಾತೆಯ ಬಡ್ಡಿ, ಡಿವಿಡೆಂಡು, ಮಾರಿದ ಮ್ಯೂಚುವಲ್ ಫಂಡು, 30 ಲಕ್ಷ ದಾಟಿದ ಆಸ್ತಿ ನೋಂದಣಿ, ವರ್ಷಕ್ಕೆ 10 ಲಕ್ಷ ಮೀರಿ ಉಳಿತಾಯ ಖಾತೆಗೆ ಕಟ್ಟಿದ ನಗದು ಎಲ್ಲ ಸಾಲಾಗಿ ಬಂದು ಕೂತಿರುತ್ತವೆ. ಟಿಡಿಎಸ್ ಮುರಿಯದಿದ್ದರೆ ಬಡ್ಡಿ ತೋರಿಸಬೇಕಿಲ್ಲ ಎಂಬುದು ನಮ್ಮ ಊರಿನ ಅತಿ ಹಳೆಯ ಮೂಢನಂಬಿಕೆ. ಕೊನೆಗೆ ಮುಚ್ಚಿಟ್ಟ ಹಾಗಾಗುವುದು ನನ್ನೊಬ್ಬಳಿಂದ.

ತೋಟದ ಕತೆ ಬೇರೆಯೇ. ನನ್ನ ಪಾರ್ಟಿಗಳಲ್ಲಿ ಅರ್ಧ ಜನ ಅಡಿಕೆಯವರು. ಜುಲೈ ಬಂದರೆ ಕೊಳೆ ಔಷಧಿ ಹೊಡೆಸುವ ಗಡಿಬಿಡಿ. ಮಳೆ ಹೊಳವಾದ ಒಂದೆರಡು ದಿನದಲ್ಲೇ ಮೈಲುತುತ್ತ, ಸುಣ್ಣ, ಮರ ಹತ್ತುವವರು ಮೂರೂ ಒಟ್ಟಿಗೆ ಸಿಗಬೇಕು. ಆಗ 'ಮಂಡಿ ಬಿಲ್ಲು ತನ್ನಿ' ಎಂದು ನಾನು ಫೋನ್ ಮಾಡಿದರೆ, 'ಎಂತ ಮಾರಾಯ್ತಿ, ಕಾಯೆಲ್ಲ ಉದುರ್ತಾ ಇದೆ, ನಿಂದೊಂದು' ಎಂದು ಬೈಸಿಕೊಳ್ಳುತ್ತೇನೆ. ಆ ಬೈಗುಳ ನನಗೆ ಬೇಜಾರಿಲ್ಲ, ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಬೇಜಾರಾಗುವುದು ಮುಂದಿನ ಮಾತಿಗೆ: 'ತೋಟದ್ದು ಬರೀಬೇಡ. ಅದಕ್ಕೆ ಟ್ಯಾಕ್ಸ್ ಇಲ್ಲ ತಾನೇ?'

ಟ್ಯಾಕ್ಸ್ ಇಲ್ಲ, ಖರೆ. ಆದರೆ ಹೇಳಬೇಕು. ಸಂಬಳವೋ ಬಾಡಿಗೆಯೋ ಜೊತೆಗೆ ಇದ್ದು ಅದು ತೆರಿಗೆಯ ಮಿತಿ ದಾಟಿದರೆ, 5,000 ಮೀರಿದ ಕೃಷಿ ಆದಾಯ ದರದ ಲೆಕ್ಕಕ್ಕೆ ಸೇರುತ್ತದೆ. 5,000 ದಾಟಿದರೆ ಸುಲಭದ ಐಟಿಆರ್-1 ಫಾರ್ಮು ಕೂಡ ನಡೆಯುವುದಿಲ್ಲ. 5 ಲಕ್ಷ ದಾಟಿದರೆ ಜಮೀನು ಯಾವ ಜಿಲ್ಲೆ, ಎಷ್ಟು ಎಕರೆ, ಸ್ವಂತದ್ದಾ ಗೇಣಿಯಾ, ನೀರಾವರಿಯಾ ಮಳೆ ಆಶ್ರಯವಾ ಎಂದು ಕೇಳುತ್ತದೆ. (ಖುಷ್ಕಿ, ತರಿ, ಬಾಗಾಯ್ತು ಎಂಬ ನಮ್ಮ ಮೂರು ಜಾತಿ ಅದಕ್ಕೆ ಗೊತ್ತಿಲ್ಲ.) ಈಗ ಬಚ್ಚಿಟ್ಟು, ನಾಲ್ಕು ವರ್ಷ ಬಿಟ್ಟು ಮಗಳ ಮದುವೆಗೆಂದು ಬ್ಯಾಂಕಿಗೆ ದುಡ್ಡು ಕಟ್ಟಿದಾಗ, ಇದು ಅಡಿಕೆಯದೇ ಎಂದು ಹೇಳಲು ನಿಮ್ಮ ಕೈಯಲ್ಲಿ ಏನಿರುತ್ತದೆ? ವರ್ಷ ವರ್ಷ ಬರೆಸಿದ ರಿಟರ್ನೇ ಆಗ ನಿಮ್ಮ ಪರವಾಗಿ ಮಾತಾಡುವ ಸಾಕ್ಷಿ.

ಸಾಲಕ್ಕೆ ಹೋಗುವವರ ವಿಷಯ ಒಂದೇ ಸಾಲು. ಜುಲೈನಲ್ಲಿ 'ಆದಷ್ಟು ಕಮ್ಮಿ ತೋರಿಸಿ ಮೇಡಂ' ಎಂದವರೇ ಡಿಸೆಂಬರ್‌ನಲ್ಲಿ 'ಬ್ಯಾಂಕಿನವರು ಇಷ್ಟೇನಾ ಅಂತಿದಾರೆ, ಜಾಸ್ತಿ ಮಾಡ್ಬಹುದಾ?' ಎಂದು ಬರುತ್ತೀರಿ.

ಈ ಜುಲೈನಲ್ಲಿ ಇನ್ನೊಂದು ಗಾಬರಿಯೂ ಸೇರಿಕೊಂಡಿತು. ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು, ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು 'ಕ್ಯಾಶ್ ಮಾತ್ರ' ಎಂದು ಬೋರ್ಡ್ ಹಾಕಿದರು. ವಾರದೊಳಗೆ ನಮ್ಮ ಬೀದಿಯ ಟೀ ಅಂಗಡಿಯವರಿಂದ ಹಿಡಿದು ಹೂ ಮಾರುವವರವರೆಗೆ ಮೆಟ್ಟಿಲು ಹತ್ತಿ ಬಂದರು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಮಾತು, ನಿಮ್ಮದು ಎಷ್ಟು ಎಂದು ಲೆಕ್ಕ ಹಾಕಿ ಹೇಳಿ ಕಳಿಸಿದೆ. ಫೀಸು ಕೇಳಲಿಲ್ಲ. ಅವರಲ್ಲಿ ಯಾರೂ ನನ್ನ ಹುಡುಗಿಯ ಮೇಲೆ ಕೂಗಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಈಗ ನನ್ನನ್ನು ಬಿಟ್ಟು ಹೋದವರ ಮಾತು. 'ಅವ್ರು ನಲವತ್ತು ಸಾವಿರ ಬರಿಸ್ಕೊಟ್ರು, ನಿಮ್ಮ ಹತ್ರ ಹತ್ತು ವರ್ಷ ಬಂದ್ರೂ ನಾಲ್ಕು ಸಾವಿರ ದಾಟಲಿಲ್ಲ' ಎಂದು ಮುಖದ ಮೇಲೆ ಹೇಳಿ ಹೋದವರು ಮೂವರಿದ್ದೀರಿ. ರೀಫಂಡ್ ಬರಿಸುವುದು ಎಂಬ ಮಾತೇ ತಪ್ಪು. ಬಾವಿಯಲ್ಲಿ ಇದ್ದ ನೀರನ್ನು ಸೇದಬಹುದು, ಅಷ್ಟೇ. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನನಗೆ ಎನ್ನುವವರು ಆ ನೀರನ್ನು ಎಲ್ಲಿಂದ ತರುತ್ತಾರೆ ಎಂದು ನೀವು ಕೇಳುವುದಿಲ್ಲ. ಆಗಸ್ಟ್‌ನಲ್ಲಿ ಅಂಥವರೊಬ್ಬರು ವಾಪಸ್ ಬಂದರು. ಜುಲೈ 14ರಂದು ಇಲಾಖೆಯವರು ದೇಶದ ಹಲವೆಡೆ ಇಂಥ ಏಜೆಂಟರ ಮೇಲೆ ಕಾರ್ಯಾಚರಣೆ ಮಾಡಿದ ಸುದ್ದಿ ಓದಿ ಬೆವರಿದ್ದರು. ಪೋರ್ಟಲ್ ತೆರೆಯಲು ಹೋದರೆ ಪಾಸ್‌ವರ್ಡ್ ಅವರಿಗೆ ಗೊತ್ತಿಲ್ಲ, ಅಲ್ಲಿ ಕೊಟ್ಟಿದ್ದ ಇಮೇಲ್ ಅವರದ್ದಲ್ಲ. ಇಲಾಖೆಯ ಪ್ರಕಟಣೆಯಲ್ಲೂ ಇದೇ ಇತ್ತು: ಏಜೆಂಟರು ತಾವೇ ಇಮೇಲ್ ಸೃಷ್ಟಿಸಿ ರಿಟರ್ನ್ ಹಾಕಿ ಕೈಬಿಡುತ್ತಾರೆ, ಆಮೇಲೆ ಬರುವ ನೋಟಿಸನ್ನು ಯಾರೂ ಓದುವುದೇ ಇಲ್ಲ. ಆಧಾರ್ ಓಟಿಪಿ ಹಾಕಿ ಒಳಗೆ ಹೋದೆವು. ಹಿಂದಿನ ವರ್ಷದ ರಿಟರ್ನಿನಲ್ಲಿ 80ಜಿಜಿಸಿ ಅಡಿ ಒಂದು ರಾಜಕೀಯ ಪಕ್ಷಕ್ಕೆ 50,000 ದೇಣಿಗೆ. ಅವರು ಕನ್ನಡಕ ಒರೆಸಿ ಮತ್ತೆ ನೋಡಿದರು. 'ಮೇಡಂ, ಈ ಪಾರ್ಟಿ ಹೆಸರೇ ನಾನು ಕೇಳಿಲ್ಲ.'

ಪುಣ್ಯಕ್ಕೆ ನೋಟಿಸ್ ಇನ್ನೂ ಬಂದಿರಲಿಲ್ಲ. ಅಪ್‌ಡೇಟೆಡ್ ರಿಟರ್ನ್ ಹಾಕಿ, ತೆರಿಗೆ, ಬಡ್ಡಿ, ಅದರ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಕಟ್ಟಿಸಿದೆ. ಸುಳ್ಳು ಲೆಕ್ಕ ಎಂದು ಇಲಾಖೆಯೇ ಹಿಡಿದಿದ್ದರೆ ದಂಡವೇ ತೆರಿಗೆಯ 200 ಪರ್ಸೆಂಟ್. ಏಜೆಂಟರ ಕಮಿಷನ್ ಅಂತೂ ವಾಪಸ್ ಬರಲಿಲ್ಲ. ರಿಟರ್ನಿನ ಕೊನೆಯಲ್ಲಿ, ನನಗೆ ತಿಳಿದ ಮಟ್ಟಿಗೆ ಇದೆಲ್ಲ ಸರಿ ಮತ್ತು ಪೂರ್ಣ ಎಂಬ ಒಂದು ಘೋಷಣೆ ಇರುತ್ತದೆ. ಅದರ ಕೆಳಗೆ ಇರುವುದು ನಿಮ್ಮ ಹೆಸರು, ನನ್ನದಲ್ಲ, ಅವರದ್ದೂ ಅಲ್ಲ.

ಬೇರೆಯವರ ತಪ್ಪು ಇಷ್ಟು ಹೇಳಿದ ಮೇಲೆ ನನ್ನದೂ ಹೇಳದಿದ್ದರೆ ಆಗುವುದಿಲ್ಲ. 2024ರ ಜುಲೈ 31. ಆವತ್ತೊಂದೇ ದಿನ ದೇಶದಲ್ಲಿ ಸುಮಾರು 70 ಲಕ್ಷ ರಿಟರ್ನ್ ಸಲ್ಲಿಕೆಯಾದವು, ಸಂಜೆ ಏಳರಿಂದ ಎಂಟರ ನಡುವೆಯೇ 5 ಲಕ್ಷಕ್ಕಿಂತ ಹೆಚ್ಚು. ಆ 5 ಲಕ್ಷದಲ್ಲಿ ಒಂದು ನಾನು ಹಾಕಿದ್ದು, ತಪ್ಪಾಗಿ. ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರ ರಿಟರ್ನ್ ಅದು. ಆರು ಗಂಟೆಗೆ ಮನೆ ಸಾಲದ ಬಡ್ಡಿ ಸರ್ಟಿಫಿಕೇಟ್ ತಂದುಕೊಟ್ಟರು. ಅದನ್ನು ಲೆಕ್ಕಕ್ಕೆ ಹಿಡಿಯಲು ಹಳೆಯ ಪದ್ಧತಿಯೇ ಬೇಕು. ಹೊಸ ಪದ್ಧತಿ ತಾನಾಗಿಯೇ ಅನ್ವಯವಾಗುವ ಮೊದಲ ವರ್ಷ ಅದು. ವ್ಯಾಪಾರದವರು ಹಳೆಯದಕ್ಕೆ ಹೋಗಬೇಕೆಂದರೆ ಕೊನೆ ದಿನದೊಳಗೆ 10-ಐಇಎ ಎಂಬ ಬೇರೆ ಫಾರ್ಮು ಕೊಡಬೇಕು. ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅಂಥ ನಾಲ್ಕು ಫಾರ್ಮು ಕೊಟ್ಟಿದ್ದೆ. ಐದನೆಯದು ಮರೆತೆ. ನಡುವೆ ಎಷ್ಟು ಫೋನ್ ಬಂದವು, ಯಾರ ಓಟಿಪಿ ಯಾರಿಗೆ ಹೋಯಿತು, ನೆನಪಿಲ್ಲ. ಪೋರ್ಟಲ್‌ನ 'ಹೌದು–ಇಲ್ಲ'ದಲ್ಲಿ 'ಇಲ್ಲ' ಎಂದೇ ಉಳಿದ ಕಡೆ ಬೆರಳು ಮುಂದೆ ಹೋಯಿತು.

ಆಗಸ್ಟ್ 1ರ ಬೆಳಿಗ್ಗೆ ಕಡತ ಜೋಡಿಸುವಾಗ ಕಣ್ಣಿಗೆ ಬಿತ್ತು. ರಿವೈಸ್ ಮಾಡಿದರೂ ಹಳೆಯ ಪದ್ಧತಿ ಸಿಗುವುದಿಲ್ಲ, ಫಾರ್ಮಿನ ಗಡುವು ಹೋಗಿತ್ತು. 22,000 ವ್ಯತ್ಯಾಸ. ಅಂಗಡಿಗೇ ಹೋಗಿ ಹೇಳಿದೆ. ಅವರು ಮೊಳೆ ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟು, 'ಆವತ್ತು ನೀವು ಊಟ ಮಾಡಿದ್ರಾ?' ಎಂದು ಕೇಳಿದರು. ಇಲ್ಲ ಎಂದೆ. 'ನಾನೂ ಆರು ಗಂಟೆ ಮಾಡ್ಬಾರ್ದಿತ್ತು ಬಿಡಿ' ಎಂದರು. ಅರ್ಧ ನಾನು ಕೊಟ್ಟೆ. ಅವರು ಬೇಡವೆಂದರು, ನಾನು ಕೇಳಲಿಲ್ಲ. ಈಗಲೂ ನನ್ನ ಹತ್ತಿರವೇ ಬರುತ್ತಾರೆ, ಜೂನ್ ಕೊನೆಯಲ್ಲಿ, ಸರ್ಟಿಫಿಕೇಟ್ ಸಮೇತ.

ಹಾಗಾಗಿ ಬರುವ ವರ್ಷದಿಂದ ಹೀಗೆ. ಏಪ್ರಿಲ್‌ನಲ್ಲೇ ಬಂದು ನಿಲ್ಲಬೇಡಿ, ಪ್ರಯೋಜನವಿಲ್ಲ. ಸಂಬಳ ಮತ್ತು ಮುರಿದ ತೆರಿಗೆಯ ಲೆಕ್ಕವಿರುವ ಫಾರ್ಮ್ 16 ಕೊಡಲು ಸಂಬಳ ಕೊಡುವವರಿಗೆ ಜೂನ್ 15ರವರೆಗೆ ಸಮಯವಿರುತ್ತದೆ, ಮುರಿದ ತೆರಿಗೆಯ ಪಟ್ಟಿಯಾದ 26ಎಎಸ್, ಎಐಎಸ್ ಸರಿಯಾಗಿ ತುಂಬಿಕೊಳ್ಳುವುದೂ ಆ ಹೊತ್ತಿಗೇ. ಅಲ್ಲಿಂದ ಒಂದು ತಿಂಗಳು ನಾನು ನಿಮ್ಮವಳು. ಬೆಂಚಿನ ಮೇಲೆ ಕೂತು ಎಷ್ಟು ಬೇಕಾದರೂ ಕೇಳಿ, ಎರಡನೇ ಪ್ರಶ್ನೆಯನ್ನೂ ಕೇಳಿ. ಕೊನೆಯ ವಾರ ಬಂದರೆ ಫೀಸು ಒಂದೂವರೆ ಪಟ್ಟು, ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ. ಫೋನ್ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ. ರಾತ್ರಿ ಹನ್ನೊಂದಕ್ಕೆ 'ಹಾಯ್ ಮೇಡಂ' ಎಂದು ಕಳಿಸಿ ಸುಮ್ಮನಾಗಬೇಡಿ, ಆ ಎರಡು ಶಬ್ದಕ್ಕೆ ನನ್ನ ನಿದ್ದೆ ಹಾರುತ್ತದೆ. ವಿಷಯ ಪೂರ್ತಿ ಬರೆಯಿರಿ, ಬೆಳಿಗ್ಗೆ ಉತ್ತರಿಸುತ್ತೇನೆ. ಹೆಬ್ಬೆರಳು ಅಡ್ಡ ಬಂದ ಫೋಟೋ ಬೇಡ, ಪಿಡಿಎಫ್ ಕಳಿಸಿ. ಆಧಾರಿಗೆ ಕೊಟ್ಟ ನಂಬರು ಹಳೆಯ ಸಿಮ್ಮಿನದಾಗಿದ್ದರೆ ಈ ಚಳಿಗಾಲದಲ್ಲೇ ಹೋಗಿ ಬದಲಾಯಿಸಿಕೊಳ್ಳಿ.

ಹೊಸದಾಗಿ ಇಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅವರಲ್ಲಿ ಯಾರ ಮೇಲಾದರೂ ಕೂಗಿದವರ ಕಾಗದಪತ್ರ ಆವತ್ತೇ ವಾಪಸ್, ಎಷ್ಟೇ ಹಳೆಯ ಪಾರ್ಟಿಯಾಗಿರಲಿ. ಸಿಟ್ಟಿದ್ದರೆ ನನಗೆ ಹೇಳಿ. ನನಗೆ ಅಭ್ಯಾಸವಾಗಿದೆ.

ಸೆಪ್ಟೆಂಬರ್ 16 ತಪ್ಪಿಸಿಕೊಂಡವರಿಗೆ ಡಿಸೆಂಬರ್ 31ರವರೆಗೆ ಅವಕಾಶವಿದೆ. ತಡದ ಶುಲ್ಕ 5,000. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000. ಹಳೆಯ ಪದ್ಧತಿ ಇನ್ನು ಸಿಗುವುದಿಲ್ಲ. ನನ್ನ ಪಟ್ಟಿಯಲ್ಲಿ ಅಂಥವರು ಆರು ಜನ. ಐವರು ಯಾರೆಂದು ಗೊತ್ತು, ಫೋನ್ ಮಾಡಿದ್ದೇನೆ. ಆರನೆಯವರು ಆಗಸ್ಟ್‌ನ ಯಾವುದೋ ಮಳೆ ದಿನ ಬಂದು, ರಶ್ ನೋಡಿ, 'ಆಮೇಲೆ ಬರ್ತೀನಿ' ಎಂದು ಹುಡುಗಿಗೆ ಹೇಳಿ ಹೋಗಿದ್ದೀರಿ. ಹೆಸರು ಬರೆದುಕೊಂಡಿಲ್ಲ, ಈಗ ಕೇಳೋಣವೆಂದರೆ ಅವಳಿಲ್ಲ. ನಿಮ್ಮ ಕೊಟ್ಟೆ ನನ್ನ ಬೀರುವಿನ ಮೇಲಿದೆ; ಒಳಗೆ ಎರಡು ಪಾಸ್‌ಬುಕ್, ಎಲ್‌ಐಸಿ ರಸೀದಿ, ಒಂದು ಅಡಿಕೆ ಮಂಡಿ ಬಿಲ್ಲು. ಪಾಸ್‌ಬುಕ್ಕಿನ ಮೊದಲ ಪುಟ ನೀರಿಗೆ ಅಂಟಿಕೊಂಡಿದೆ, ಬಿಡಿಸಿದರೆ ಹರಿಯುತ್ತದೆ. ಕಪ್ಪು ಕೊಡೆಯೂ ಇಲ್ಲೇ ಇದೆ. ಬಂದು ತೆಗೆದುಕೊಂಡು ಹೋಗಿ, ಹಾಗೇ ರಿಟರ್ನೂ ಮುಗಿಸೋಣ.

ಇಂತಿ,
ನಿಮ್ಮ ಆಡಿಟರ್ ಮೇಡಂ
ದುರ್ಗಿಗುಡಿ, ಶಿವಮೊಗ್ಗ
ನವೆಂಬರ್ 2025